ಗುಳಿ ಬಿದ್ದ ಚೆಂಡೇ ದೂರ ಹಾರೀತು

ನುಣ್ಣನೆಯ ಚೆಂಡು ಅರ್ಧ ದಾರಿಗೇ ನೆಲ ಕಚ್ಚುತ್ತದೆ. ಮೈತುಂಬ ಗುಳಿ ಬಿದ್ದದ್ದು 250 ಮೀಟರ್ ತೇಲಿ ಹೋಗುತ್ತದೆ! ಸ್ಕಾಟ್ಲೆಂಡಿನ ಆಟಗಾರರ ಕೈಗೆ ಮೊದಲು ಸಿಕ್ಕ ಈ ಗುಟ್ಟನ್ನು ವಿಜ್ಞಾನ ಬಿಡಿಸಿ ಹೇಳಲು 60ಕ್ಕೂ ಹೆಚ್ಚು ವರ್ಷ ಬೇಕಾಯಿತು.

1893ರ ಜನವರಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಕಡಲಂಚಿನ ಗಾಲ್ಫ್ ಬಯಲು ಚಳಿಗೆ ಹೆಪ್ಪುಗಟ್ಟಿ ಗಡುಸಾಗಿತ್ತು. ಫ್ರೆಡ್ಡಿ ಟೇಟ್ ಎಂಬ ತರುಣ ಸೇನಾಧಿಕಾರಿ ಕೋಲೆತ್ತಿ ಬೀಸಿದ. ಚೆಂಡು 250 ಗಜ ಗಾಳಿಯಲ್ಲೇ ಸಾಗಿತು. ಹೆಪ್ಪುಗಟ್ಟಿದ ನೆಲದ ಮೇಲೆ ಪುಟಿದು ಉರುಳಿ, ಹೊಡೆದ ಜಾಗದಿಂದ 341 ಗಜ ಆಚೆ ಹೋಗಿ ನಿಂತಿತು.

ಊರೆಲ್ಲ ಬೆರಗಾಯಿತು. ಫ್ರೆಡ್ಡಿಯ ಅಪ್ಪನಿಗೆ ಮಾತ್ರ ಅದು ಬರೀ ಬೆರಗಿನ ಸುದ್ದಿಯಾಗಿರಲಿಲ್ಲ. ಪೀಟರ್ ಗತ್ರಿ ಟೇಟ್ ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತವಿಜ್ಞಾನದ ಪ್ರಾಧ್ಯಾಪಕರು. ಗಾಲ್ಫ್ ಚೆಂಡು ಹೇಗೆ ಹಾರುತ್ತದೆ ಎಂಬ ಪ್ರಶ್ನೆ ವರ್ಷಗಳಿಂದ ಅವರ ಬೆನ್ನು ಹತ್ತಿತ್ತು. ರಂಜಕ ಹಚ್ಚಿದ ಚೆಂಡುಗಳನ್ನು ಹಿಡಿದು ಗೆಳೆಯರೊಂದಿಗೆ ಕತ್ತಲಲ್ಲಿ ಆಡಲು ಹೊರಟ ಮನುಷ್ಯ ಅವರು.

ಚೆಂಡು ಎಷ್ಟು ದೂರ ಹೋದೀತು ಎಂಬ ಅಪ್ಪನ ಲೆಕ್ಕವನ್ನು ಮಗನ ಹೊಡೆತ ಸುಳ್ಳು ಮಾಡಿತು ಎಂಬ ಕಥೆ ಗಾಲ್ಫ್ ಲೋಕದಲ್ಲಿ ಇಂದಿಗೂ ಓಡಾಡುತ್ತದೆ. ಅದು ಅಪ್ಪನಿಗೆ ಮಾಡುವ ಅನ್ಯಾಯ. ಗುರುತ್ವ ಮತ್ತು ಗಾಳಿಯ ತಡೆ ಎರಡನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಚೆಂಡು ಬೇಗ ಬೀಳಬೇಕು, ಆದರೆ ಅದು ಆರು ಸೆಕೆಂಡಿನವರೆಗೂ ಮೇಲೇ ಇರುತ್ತದೆ ಎಂಬುದನ್ನು ಮೊದಲು ಗಮನಿಸಿದವರೇ ಟೇಟ್. ಯಾವುದೋ ಬಲ ಅದನ್ನು ಎತ್ತಿ ಹಿಡಿದಿದೆ ಎಂದು ಅವರು ಊಹಿಸಿದರು. ಹುರಿಯಿಲ್ಲದ ಉದ್ದನೆಯ ಪಟ್ಟಿಯ ಒಂದು ತುದಿಯನ್ನು ಚೆಂಡಿಗೆ, ಇನ್ನೊಂದನ್ನು ನೆಲಕ್ಕೆ ಕಟ್ಟಿಸಿ ಹೊಡೆಸಿದರು. ಪಟ್ಟಿಗೆ ಬಿದ್ದ ಹುರಿಗಳನ್ನು ಎಣಿಸಿದರು. ಚೆಂಡು ಮುಂದಕ್ಕೆ ಸಾಗುತ್ತ ಹಿಂದಕ್ಕೆ ತಿರುಗುತ್ತದೆ. ಆ ತಿರುಗುವಿಕೆಯೇ, ಅಂದರೆ ಬ್ಯಾಕ್‌ಸ್ಪಿನ್ನೇ, ಅದನ್ನು ಎತ್ತುತ್ತದೆ ಎಂಬುದು ಖಚಿತವಾಯಿತು.

ಟೇಟ್ ಬಿಡಿಸಿದ್ದು ಅರ್ಧ ಒಗಟು. ಉಳಿದರ್ಧ ಚೆಂಡಿನ ಮೈಮೇಲೇ ಇತ್ತು.

ಪ್ರತಿ ಜುಲೈನಲ್ಲಿ ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ ಟಿ.ವಿ. ಪರದೆಗೆ ಬಂದಾಗ, ನಿಧಾನಗತಿಯ ಚಿತ್ರದಲ್ಲಿ ಆ ಮೈ ಎದ್ದು ಕಾಣುತ್ತದೆ. ಮುನ್ನೂರು ನಾನೂರು ಪುಟ್ಟ ಗುಳಿಗಳು, ಒಂದರ ಪಕ್ಕ ಒಂದು. ಗಾಲ್ಫ್ ಆಡದವರೂ ಕೇಳುವ ಪ್ರಶ್ನೆ: ವೇಗವಾಗಿ ಹೋಗಬೇಕಾದ ವಸ್ತು ನುಣ್ಣಗಿರಬೇಕಲ್ಲವೇ?

ಗಾಯಗೊಂಡ ಚೆಂಡಿನ ಗೆಲುವು

ಹಳೆಯ ಗಾಲ್ಫ್ ಚೆಂಡು ಚರ್ಮದ ಚೀಲ. ಬೇಯಿಸಿದ ಬಾತುಗರಿಗಳನ್ನು ಅದರೊಳಗೆ ತುರುಕಿ ಹೊಲಿಯುತ್ತಿದ್ದರು. ಒಬ್ಬ ಕುಶಲಕರ್ಮಿ ದಿನವಿಡೀ ದುಡಿದರೂ ಮೂರು ನಾಲ್ಕು ಚೆಂಡು ಆದರೆ ಹೆಚ್ಚು. ಒದ್ದೆಯಾದರೆ ಕೆಟ್ಟಿತು, ಹೊಲಿಗೆ ಬಿಟ್ಟರೆ ಮುಗಿಯಿತು.

1848ರ ಹೊತ್ತಿಗೆ ಹೊಸ ಚೆಂಡು ಬಂತು. ಮಲಯ ನಾಡಿನ ಮರವೊಂದರ ಹಾಲಿನಿಂದ ಸಿಗುವ ಗಟಾಪರ್ಚಾ ಎಂಬ ಅಂಟು ಆಗಷ್ಟೇ ಸಿಂಗಪುರದ ಮೂಲಕ ಲಂಡನ್ ತಲುಪಿತ್ತು. ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ. ಸೇಂಟ್ ಆಂಡ್ರೂಸ್‌ನ ಪ್ಯಾಟರ್ಸನ್ ಕುಟುಂಬಕ್ಕೆ ಪೂರ್ವದೇಶದಿಂದ ಬಂದ ವಿಷ್ಣುವಿನ ವಿಗ್ರಹವೊಂದರ ಸುತ್ತ ಈ ಅಂಟು ತುಂಬಿತ್ತು, ಅದನ್ನೇ ಉಂಡೆ ಕಟ್ಟಿ ಮೊದಲ ಚೆಂಡು ಮಾಡಿದರು ಎಂಬ ಐತಿಹ್ಯ ಗಾಲ್ಫ್ ಚರಿತ್ರೆಯಲ್ಲಿ ಉಳಿದುಬಂದಿದೆ.

ಹೊಸ ಚೆಂಡು ಅಗ್ಗ, ಗಟ್ಟಿ, ಗುಂಡಗೆ, ನುಣ್ಣಗೆ. ದೋಷ ಒಂದೇ: ಹಾರುತ್ತಿರಲಿಲ್ಲ. ಮೇಲೆದ್ದ ಕೂಡಲೇ ಮುಗ್ಗರಿಸಿ ಬೀಳುತ್ತಿತ್ತು. ಬೇಸತ್ತವರು ಹೊಸ ಚೆಂಡುಗಳನ್ನು ಹುಡುಗರಿಗೆ ಕೊಟ್ಟುಬಿಡುತ್ತಿದ್ದರಂತೆ. ಕಬ್ಬಿಣದ ಕೋಲಿನ ಏಟು ತಿಂದು ತಿಂದು ಮೈಯೆಲ್ಲ ತರಚಿದ ಅವೇ ಚೆಂಡುಗಳು ಕೆಲವು ದಿನಗಳಲ್ಲಿ ಸೊಗಸಾಗಿ ಹಾರತೊಡಗಿದವು.

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಇದು. ಗಾಳಿ ಸುರಂಗವಿಲ್ಲ, ಸಮೀಕರಣವಿಲ್ಲ. ಕಣ್ಣೆದುರು ಕಂಡದ್ದನ್ನು ನಂಬಿದ ಆಟಗಾರರು, ಚೆಂಡು ಮಾಡುವವರು ಸುತ್ತಿಗೆ ಕೈಗೆತ್ತಿಕೊಂಡರು. ಹೊಸ ಚೆಂಡನ್ನು ಮಾರುವ ಮೊದಲೇ ಕುಟ್ಟಿ ಗೀರು ಹಾಕತೊಡಗಿದರು. ಆಮೇಲೆ ಅಚ್ಚಿನಲ್ಲೇ ಗೀರುಗಳು ಬಂದವು. ಶತಮಾನದ ಕೊನೆಗೆ ಮೈತುಂಬ ಉಬ್ಬುಗುಳ್ಳೆಗಳಿರುವ ಚೆಂಡು ಮಾರುಕಟ್ಟೆಯನ್ನು ಆಳಿತು.

ಉಬ್ಬನ್ನು ತಿರುವಿ ಗುಳಿ ಮಾಡಿದವನು ವಿಲಿಯಂ ಟೇಲರ್. ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಟೇಲರ್, ಟೇಲರ್ ಅಂಡ್ ಹಾಬ್ಸನ್ ಎಂಬ ಮಸೂರ ತಯಾರಿಕಾ ಸಂಸ್ಥೆ ಕಟ್ಟಿದ ಎಂಜಿನಿಯರ್. ಮುಂದೆ ಸಿನಿಮಾ ಲೋಕದಲ್ಲಿ ಹೆಸರು ಮಾಡಿದ ಕುಕ್ ಮಸೂರಗಳು ತಯಾರಾದದ್ದು ಅಲ್ಲೇ. ಕೂದಲೆಳೆಯ ಅಳತೆಯಲ್ಲಿ ಗಾಜನ್ನು ನುಣುಪು ಮಾಡುವುದೇ ಕಸುಬಾಗಿದ್ದವನು 1905ರಲ್ಲಿ ಗುಳಿಗಳ ಚೆಂಡಿಗೆ ಪೇಟೆಂಟ್ ಕೇಳಿದ. ಬಿಡಿಬಿಡಿಯಾದ, ದುಂಡನೆಯ, ಆಳವಿಲ್ಲದ ಗುಳಿಗಳಿರಬೇಕು ಎಂದ. 1908ರಲ್ಲಿ ಅಮೆರಿಕವೂ ಪೇಟೆಂಟ್ ನೀಡಿತು. ಇಂದಿನ ಚೆಂಡಿನ ಮೂಲರೂಪ ಅದೇ.

ಗಾಳಿ ಬಿಟ್ಟುಹೋಗುವ ಜಾಗ

ಗುಳಿ ಏನು ಮಾಡುತ್ತದೆ ಎಂದು ತಿಳಿಯಲು ಚೆಂಡಿನ ಮುಂಭಾಗವನ್ನು ಬಿಟ್ಟು ಬೆನ್ನಿನ ಕಡೆ ನೋಡಬೇಕು.

ಮಣ್ಣುರಸ್ತೆಯಲ್ಲಿ ಲಾರಿ ಓಡಿದಾಗ ಅದರ ಹಿಂದೆ ಧೂಳು ಸುತ್ತಿ ಸುತ್ತಿ ಲಾರಿಯನ್ನೇ ಅಟ್ಟಿಸಿಕೊಂಡು ಬರುವುದನ್ನು ಕಂಡಿದ್ದೇವೆ. ಅಲ್ಲಿ ಒತ್ತಡ ಕಡಿಮೆ. ಆ ಪೊಳ್ಳು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಚೆಂಡಿನ ಬೆನ್ನ ಹಿಂದೆಯೂ ಇಂಥದೊಂದು ಸುಳಿಗಾಳಿಯ ಬಾಲವಿದೆ. ಬಾಲ ಅಗಲವಾದಷ್ಟೂ ಜಗ್ಗಾಟ ಜೋರು.

ಬಾಲ ಎಷ್ಟು ಅಗಲ ಎಂಬುದನ್ನು ನಿರ್ಧರಿಸುವುದು ಚೆಂಡಿನ ಮೈಗೆ ಅಂಟಿ ಹರಿಯುವ, ಒಂದು ಮಿಲಿಮೀಟರಿಗಿಂತಲೂ ತೆಳ್ಳನೆಯ ಗಾಳಿಯ ಪದರ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಗಡಿಪದರ ಎನ್ನೋಣ. ನುಣ್ಣನೆಯ ಚೆಂಡಿನ ಮೇಲೆ ಗಡಿಪದರ ಶಾಂತವಾಗಿ, ಎಳೆಎಳೆಯಾಗಿ ಹರಿಯುತ್ತದೆ. ಮೈಗೆ ಹತ್ತಿದ ಗಾಳಿ ಉಜ್ಜಾಟದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಮೂಗಿನಿಂದ ಸುಮಾರು 80 ಡಿಗ್ರಿ ಸಾಗುವಷ್ಟರಲ್ಲಿ, ಅಂದರೆ ಚೆಂಡಿನ ಅತಿ ಅಗಲದ ಜಾಗಕ್ಕೆ ಮುಂಚೆಯೇ, ಸೋತು ಮೈ ಬಿಟ್ಟು ಹೊರಟುಹೋಗುತ್ತದೆ. ಬೆನ್ನ ಹಿಂದೆ ಚೆಂಡಿನಷ್ಟೇ ಅಗಲದ ಬಾಲ ತೆರೆದುಕೊಳ್ಳುತ್ತದೆ.

ಗುಳಿಗಳು ಈ ಶಾಂತಿಯನ್ನು ಕಲಕುತ್ತವೆ. ಗಡಿಪದರ ಪ್ರಕ್ಷುಬ್ಧವಾಗುತ್ತದೆ. ಹೊರಗೆ ವೇಗವಾಗಿ ಹರಿಯುವ ಗಾಳಿ ಒಳನುಗ್ಗಿ, ಮೈಹತ್ತಿರದ ದಣಿದ ಗಾಳಿಗೆ ಹೊಸ ಕಸುವು ತುಂಬುತ್ತದೆ. ಆ ಕಸುವಿನಿಂದ ಅದು ಅತಿ ಅಗಲದ ಜಾಗವನ್ನೂ ದಾಟಿ, 110 ಡಿಗ್ರಿಯ ಆಸುಪಾಸಿನವರೆಗೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ಬಾಲ ಕಿರಿದಾಗುತ್ತದೆ. ಗಾಳಿಯ ತಡೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಅರ್ಧ ಎಂದರೆ ಎಷ್ಟು? ವೃತ್ತಿಪರ ಆಟಗಾರನ ಹೊಡೆತಕ್ಕೆ ಚೆಂಡು ಸೆಕೆಂಡಿಗೆ ಸುಮಾರು 75 ಮೀಟರ್, ಅಂದರೆ ಗಂಟೆಗೆ 270 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಆ ಗಳಿಗೆಯಲ್ಲಿ ನುಣ್ಣನೆಯ ಚೆಂಡನ್ನು ಗಾಳಿ ಅದರ ತೂಕದ ಐದು ಪಟ್ಟು ಬಲದಿಂದ ತಡೆಯುತ್ತದೆ. ಗುಳಿಗಳಿದ್ದರೆ ಎರಡೂವರೆ ಪಟ್ಟು.

ನುಣ್ಣನೆಯ ಚೆಂಡಿಗೂ ಈ ಭಾಗ್ಯ ಇಲ್ಲವೆಂದಲ್ಲ. ವೇಗ ಬಹಳ ಹೆಚ್ಚಿದರೆ ಅದರ ಗಡಿಪದರವೂ ತಾನಾಗಿ ಕಲಕುತ್ತದೆ. ಗಾಲ್ಫ್ ಚೆಂಡಿನ ಗಾತ್ರಕ್ಕೆ ಆ ವೇಗ ಗಂಟೆಗೆ ಸುಮಾರು 380 ಕಿ.ಮೀ. ವೃತ್ತಿಪರರ ಮಾಮೂಲು ಹೊಡೆತಕ್ಕೂ ಅದು ಎಟುಕದು. ಗುಳಿಗಳು ಆ ಹೊಸ್ತಿಲನ್ನು 50–60 ಕಿ.ಮೀ.ಗೆ ಇಳಿಸಿಬಿಡುತ್ತವೆ. ದೂರದ ಹೊಡೆತದಲ್ಲಿ ಚೆಂಡು ಹೊರಟಾಗಿನಿಂದ ನೆಲ ಮುಟ್ಟುವವರೆಗೆ ಆ ವೇಗಕ್ಕಿಂತ ಮೇಲೆಯೇ ಹಾರುತ್ತದೆ.

ಐಫೆಲ್ ತಪ್ಪು ಲೆಕ್ಕ ಹಾಕಿದರೇ?

ಈ ಹೊಸ್ತಿಲು ಪತ್ತೆಯಾದದ್ದು ಗಾಲ್ಫ್‌ನಿಂದಲ್ಲ. ಪ್ಯಾರಿಸ್‌ನ ಗೋಪುರ ಕಟ್ಟಿದ ಗುಸ್ತಾವ್ ಐಫೆಲ್ ಬದುಕಿನ ಕೊನೆಯ ಘಟ್ಟವನ್ನು ಗಾಳಿಗೆ ಮೀಸಲಿಟ್ಟಿದ್ದರು. ಗೋಪುರದಿಂದ ವಸ್ತುಗಳನ್ನು ಬೀಳಿಸಿ ಅಳೆದರು, ಆಮೇಲೆ ಗಾಳಿ ಸುರಂಗ ಕಟ್ಟಿಸಿದರು. ಗೋಳದ ಮೇಲಿನ ಗಾಳಿಯ ತಡೆಗೆ ಅವರು ಕೊಟ್ಟ ಅಂಕಿ ಪ್ರಾಂಟ್ಲ್ ಅವರ ಗ್ಯೋಟಿಂಗೆನ್ ಪ್ರಯೋಗಾಲಯದ ಅಂಕಿಯ ಅರ್ಧಕ್ಕಿಂತಲೂ ಕಡಿಮೆಯಿತ್ತು. ಲೆಕ್ಕದಲ್ಲಿ ‘2’ ಎಂಬ ಗುಣಕವನ್ನು ಐಫೆಲ್ ಬಿಟ್ಟಿರಬೇಕು ಎಂದು ಜರ್ಮನರು ಶಂಕಿಸಿದರು.

80ರ ಹೊಸ್ತಿಲಲ್ಲಿದ್ದ ಐಫೆಲ್ ಮತ್ತೆ ಅಳೆಯಲು ಕೂತರು. ವೇಗ ಬದಲಿಸುತ್ತ ಹೋದರು. 1912ರಲ್ಲಿ ಉತ್ತರ ಸಿಕ್ಕಿತು: ಇಬ್ಬರೂ ಸರಿ. ಒಂದು ವೇಗ ದಾಟಿದ ಮೇಲೆ ಗೋಳದ ಮೇಲಿನ ತಡೆ ಥಟ್ಟನೆ ಕುಸಿಯುತ್ತದೆ. ಜರ್ಮನರು ಅದರ ಕೆಳಗೆ ಅಳೆದಿದ್ದರು, ಐಫೆಲ್ ಮೇಲೆ.

1914ರಲ್ಲಿ ಪ್ರಾಂಟ್ಲ್ ಕಾರಣವನ್ನೂ ತೋರಿಸಿದರು. ನುಣ್ಣನೆಯ ಗೋಳದ ಮುಂಭಾಗಕ್ಕೆ ತೆಳು ತಂತಿಯ ಬಳೆಯೊಂದನ್ನು ತೊಡಿಸಿದರು. ಸಾಮಾನ್ಯ ತಿಳಿವಳಿಕೆಯ ಪ್ರಕಾರ ತಡೆ ಹೆಚ್ಚಬೇಕಿತ್ತು, ಕುಸಿಯಿತು. ಸುತ್ತಿಗೆಯಿಂದ ಚೆಂಡು ಕುಟ್ಟಿದ ಸ್ಕಾಟ್ಲೆಂಡಿನ ಕೈಗಳಿಗೆ ಕೊನೆಗೂ ಒಂದು ವಿವರಣೆ ದೊರೆಯಿತು. ಟೇಟ್ 1901ರಲ್ಲೇ ತೀರಿಕೊಂಡಿದ್ದರು. ಅದಕ್ಕೂ ಒಂದು ವರ್ಷ ಮೊದಲು ಫ್ರೆಡ್ಡಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮಡಿದಿದ್ದ. ಅಪ್ಪ ಮಗ ಇಬ್ಬರಿಗೂ ಈ ಉತ್ತರ ತಿಳಿಯಲಿಲ್ಲವಲ್ಲ ಎಂದು ಇದನ್ನು ಓದುವಾಗಲೆಲ್ಲ ಮನಸ್ಸು ಮಿಡುಕುತ್ತದೆ.

▣ ಚಂದ್ರನ ಮೇಲೆ ಗುಳಿಗೇನು ಕೆಲಸ?
1971ರ ಫೆಬ್ರುವರಿ 6ರಂದು ಅಪೊಲೊ–14ರ ಗಗನಯಾತ್ರಿ ಅಲನ್ ಶೆಪರ್ಡ್ ಚಂದ್ರನ ಮೇಲೆ ಎರಡು ಗಾಲ್ಫ್ ಚೆಂಡು ಹೊಡೆದರು. ಮಾದರಿ ಸಂಗ್ರಹಿಸುವ ಸಲಕರಣೆಯ ಹಿಡಿಗೆ ಕೋಲಿನ ತಲೆ ಸಿಕ್ಕಿಸಿ, ಬಿಗಿಯಾದ ಪೋಷಾಕಿನಲ್ಲಿ ಒಂದೇ ಕೈಯಿಂದ ಬೀಸಿದರು. ಹಳೆಯ ಚಿತ್ರಗಳನ್ನು 2021ರಲ್ಲಿ ಸಂಸ್ಕರಿಸಿ ಅಳೆದಾಗ ಎರಡನೆಯ ಚೆಂಡು ಹೋಗಿದ್ದು ಸುಮಾರು 40 ಗಜ ಎಂದು ತಿಳಿಯಿತು. ಗಾಳಿಯೇ ಇಲ್ಲದ ಅಲ್ಲಿ ತಡೆಯೂ ಇಲ್ಲ, ಎತ್ತುವ ಬಲವೂ ಇಲ್ಲ. ನುಣ್ಣನೆಯ ಚೆಂಡೂ ಅಷ್ಟೇ ದೂರ ಹೋಗುತ್ತಿತ್ತು.

ಗಾಳಿ ಇದ್ದರೇ ದೂರ

ತಡೆಯನ್ನು ಅರ್ಧ ಮಾಡುವುದು ಗುಳಿಗಳ ಒಂದು ಕೆಲಸವಷ್ಟೆ. ಇನ್ನೊಂದು ಕೆಲಸ ಇನ್ನೂ ಸೋಜಿಗದ್ದು.

ಸೆಕೆಂಡಿಗೆ 75 ಮೀಟರ್ ವೇಗದಲ್ಲಿ, 11 ಡಿಗ್ರಿ ಕೋನದಲ್ಲಿ ಹೊರಟ ಚೆಂಡಿಗೆ ಹೈಸ್ಕೂಲಿನ ಸೂತ್ರ ಹಾಕಿ ನೋಡಿ. ಗಾಳಿಯಿಲ್ಲದ ಭೂಮಿಯ ಮೇಲೆ ಅದು ಸುಮಾರು 210 ಮೀಟರ್ ಸಾಗಿ ಬೀಳಬೇಕು. ಗಾಳಿಯಿರುವ ನಮ್ಮ ಭೂಮಿಯಲ್ಲಿ ವೃತ್ತಿಪರರ ಅಂಥ ಹೊಡೆತ ನೆಲ ಮುಟ್ಟುವುದು 250 ಮೀಟರ್ ಆಸುಪಾಸಿನಲ್ಲಿ. ತಡೆಯುವ ಗಾಳಿಯೇ 40 ಮೀಟರ್ ಹೆಚ್ಚಿಗೆ ಸಾಗಿಸಿದೆ!

ಬೀಸಿದ ಕೋಲಿನ ಓರೆಯಾದ ಮುಖ ಚೆಂಡಿಗೆ ನಿಮಿಷಕ್ಕೆ ಎರಡೂವರೆ ಸಾವಿರದಷ್ಟು ಹಿಂಸುತ್ತು ಕೊಡುತ್ತದೆ. ಸುತ್ತುವ ಮೈ ಮೇಲ್ಭಾಗದ ಗಾಳಿಯನ್ನು ತನ್ನೊಡನೆ ಹಿಂದಕ್ಕೆ ಒಯ್ಯುತ್ತದೆ. ಅಲ್ಲಿ ಗಾಳಿ ತಡವಾಗಿ ಮೈ ಬಿಡುತ್ತದೆ, ಕೆಳಭಾಗದಲ್ಲಿ ಬೇಗ. ಹೀಗಾಗಿ ಸುಳಿಬಾಲವೇ ಕೆಳಮುಖವಾಗಿ ಬಾಗುತ್ತದೆ. ಗಾಳಿಯನ್ನು ಕೆಳಕ್ಕೆ ತಳ್ಳಿದ ಚೆಂಡು ಮೇಲಕ್ಕೆ ಏರುತ್ತದೆ. ಹೊರಟ ಮೊದಲ ಗಳಿಗೆಗಳಲ್ಲಿ ಈ ಎತ್ತುಬಲ ಚೆಂಡಿನ ತೂಕವನ್ನೂ ಮೀರುತ್ತದೆ. ಆದ್ದರಿಂದಲೇ ಒಳ್ಳೆಯ ಹೊಡೆತ ನೇರವಾಗಿ ಹೋಗಿ ಆಮೇಲೆ ಮತ್ತೆ ಮೇಲೆದ್ದಂತೆ ಕಾಣುತ್ತದೆ. ಗಾಳಿಯನ್ನು ಹಿಡಿದು ಬಾಗಿಸಲು ಗುಳಿಗಳ ಮೈ ನುಣುಪು ಮೈಗಿಂತ ಎಷ್ಟೋ ಸಮರ್ಥ.

ಸುತ್ತುವ ಚೆಂಡಿನ ಮೋಹಕ್ಕೆ ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್ ಕೂಡ ಸಿಲುಕಿದ್ದರು. 1910ರ ಮಾರ್ಚ್‌ನಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಚಲನೆ ಕುರಿತು ಉಪನ್ಯಾಸ ಕೊಟ್ಟರು. ಎಲೆಕ್ಟ್ರಾನುಗಳ ಹೊಳೆಯುವ ಧಾರೆಯನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳಲ್ಲಿ ಬಾಗಿಸಿ, ಚೆಂಡಿನ ಹಾದಿಯನ್ನು ಸಭೆಯ ಕಣ್ಣೆದುರು ಬೆಳಕಿನಲ್ಲೇ ಬರೆದು ತೋರಿಸಿದರು.

ಬೆಂಗಳೂರಿನ ಪ್ರಯೋಗಾಲಯದಲ್ಲಿ

ಶಾಂತ ಹರಿವು ಪ್ರಕ್ಷುಬ್ಧವಾಗುವುದು ಹೇಗೆ? ಈ ಪ್ರಶ್ನೆಗೆ ಜಗತ್ತು ನೆನೆಯುವ ಉತ್ತರವೊಂದು ಬೆಂಗಳೂರಿನಿಂದ ಹೋಗಿದೆ.

1950ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಗಡಿಪದರದ ಪ್ರಯೋಗಗಳನ್ನು ಕಟ್ಟುತ್ತಿದ್ದರು. ಅವರ ಜತೆ ಸೇರಿದ ತರುಣ ಬೆಂಗಳೂರಿನವರೇ ಆದ ರೊದ್ದಂ ನರಸಿಂಹ. ಅವರು ನೋಡಿದ್ದು ಚಪ್ಪಟೆ ಹಲಗೆಯ ಮೇಲಿನ ಹರಿವನ್ನು. ಶಾಂತ ಹರಿವು ಇದ್ದಕ್ಕಿದ್ದಂತೆ ಎಲ್ಲೆಡೆ ಕಲಕುವುದಿಲ್ಲ. ಅಲ್ಲೊಂದು ಇಲ್ಲೊಂದು ಪ್ರಕ್ಷುಬ್ಧ ಚುಕ್ಕೆ ಹುಟ್ಟುತ್ತದೆ, ಹರಿವಿನೊಂದಿಗೆ ಸಾಗುತ್ತ ಹಿಗ್ಗುತ್ತದೆ, ಒಂದನ್ನೊಂದು ಕೂಡಿ ಕೊನೆಗೆ ಇಡೀ ಪದರವನ್ನು ಆವರಿಸುತ್ತದೆ. ಒಂದು ಜಾಗದಲ್ಲಿ ಹರಿವು ಎಷ್ಟು ಹೊತ್ತು ಶಾಂತ, ಎಷ್ಟು ಹೊತ್ತು ಪ್ರಕ್ಷುಬ್ಧ ಎಂಬುದಕ್ಕೆ ನರಸಿಂಹ 1957ರಲ್ಲಿ ಗಣಿತದ ರೂಪ ಕೊಟ್ಟರು. ಮರುವರ್ಷ ಧವನ್ ಜತೆ ಬರೆದ ಪ್ರಬಂಧ ‘ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್’ನಲ್ಲಿ ಪ್ರಕಟವಾಯಿತು. ಟರ್ಬೈನ್ ಅಲಗುಗಳ ಲೆಕ್ಕದಲ್ಲಿ ಇಂದಿಗೂ ಎಂಜಿನಿಯರುಗಳು ಈ ದಾರಿ ಹಿಡಿಯುತ್ತಾರೆ.

ಹಲಗೆಯ ಮೇಲೆ ನಿಧಾನವಾಗಿ ನಡೆಯುವ ಆ ಬದಲಾವಣೆಯನ್ನು ಗಾಲ್ಫ್ ಚೆಂಡು ಒಂದೆರಡು ಗುಳಿಗಳ ಅಂತರದಲ್ಲಿ ಬಲವಂತವಾಗಿ ಮಾಡಿಸಿಕೊಳ್ಳುತ್ತದೆ. ಕ್ರಿಕೆಟ್ ಚೆಂಡಿನ ಹೊಲಿಗೆ ಒಂದು ಪಕ್ಕದ ಗಡಿಪದರವನ್ನು ಮಾತ್ರ ಕಲಕಿ ಚೆಂಡನ್ನು ಸ್ವಿಂಗ್ ಮಾಡುವುದೂ ಇದೇ ತತ್ವದಿಂದ. ನಾಸಾದ ವಿಜ್ಞಾನಿ ರಬೀಂದ್ರ ಮೆಹ್ತಾ ಎರಡೂ ಆಟಗಳ ಚೆಂಡುಗಳ ಬಗ್ಗೆ ಬರೆದಿದ್ದಾರೆ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ; ಇಲ್ಲಿನ ಗಾಲ್ಫ್ ಕ್ಲಬ್ಬು 1876ರದ್ದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ಊರಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 8ರಷ್ಟು ತೆಳು. ತಡೆ ಕಡಿಮೆಯಾಗುತ್ತದೆ, ಎತ್ತುಬಲವೂ ಕಡಿಮೆಯಾಗುತ್ತದೆ. ಕೂಡಿ ಕಳೆದರೆ ಚೆಂಡು ಮಂಗಳೂರಿಗಿಂತ ಇಲ್ಲಿ ತುಸು ದೂರವೇ ಹೋಗುತ್ತದೆ. ಇದೇ ಊರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೇರಿದಾಗ, ಬೆಳಗಿನ ಜಾವವೇ ಎದ್ದು ಗಾಲ್ಫ್ ನೋಡಿದ ಕನ್ನಡಿಗರು ಎಷ್ಟೋ ಮಂದಿ.

▣ ಕಾರಿಗೆ, ವಿಮಾನಕ್ಕೆ ಗುಳಿ ಏಕಿಲ್ಲ?
ವಿಮಾನದ ರೆಕ್ಕೆಯ ಹಿಂಬದಿ ಮೊದಲೇ ಮೊನಚಾಗಿ ಇಳಿದಿರುತ್ತದೆ. ಅಲ್ಲಿ ಸುಳಿಬಾಲ ಕಿರಿದು. ಮೈಯ ಉಜ್ಜಾಟವೇ ದೊಡ್ಡ ಖರ್ಚು. ಗುಳಿ ಹಾಕಿದರೆ ಅದು ಇನ್ನೂ ಹೆಚ್ಚುತ್ತದೆ. ಕಾರಿನದು ಬೇರೆ ಮಾತು: ಅಮೆರಿಕದ ‘ಮಿತ್‌ಬಸ್ಟರ್ಸ್’ ಟಿ.ವಿ. ಕಾರ್ಯಕ್ರಮ 2009ರಲ್ಲಿ ಕಾರಿಗೆ ಜೇಡಿಮಣ್ಣು ಮೆತ್ತಿ ಗುಳಿ ತೋಡಿ ಓಡಿಸಿದಾಗ ಮೈಲೇಜ್ ಹೆಚ್ಚಿತು.

ಆಳದ ಲೆಕ್ಕ

ಗುಳಿಯ ಆಳ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ಚೆಂಡಿನ ವಿನ್ಯಾಸಕಾರರ ತಲೆನೋವೆಲ್ಲ ಅಲ್ಲಿದೆ. ಆಳ ಸಾಲದಿದ್ದರೆ ತಡೆ ಕುಸಿಯುವ ಹೊಸ್ತಿಲು ಮೇಲೇರುತ್ತದೆ, ವೇಗ ಇಳಿದಾಗ ಚೆಂಡು ದಣಿಯುತ್ತದೆ. ಆಳ ಹೆಚ್ಚಾದರೆ ಹೊಸ್ತಿಲು ಇಳಿಯುತ್ತದೆ, ಆದರೆ ಅದನ್ನು ದಾಟಿದ ಮೇಲಿನ ತಡೆಯೇ ಹೆಚ್ಚು. ಹಾರಾಟದುದ್ದಕ್ಕೂ ವೇಗ ಬದಲಾಗುವುದರಿಂದ ಯಾವ ಆಳವೂ ಪೂರ್ತಿ ಸರಿಯಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಈಚೆಗೆ ರಬ್ಬರಿನ ತೊಗಲು ಹೊದಿಸಿದ ಗೋಳವೊಂದನ್ನು ಮಾಡಿ, ಒಳಗಿನ ಗಾಳಿ ಹೀರಿ ಗುಳಿಯ ಆಳವನ್ನು ಬೇಕಾದಂತೆ ಬದಲಿಸಿದರು. ವೇಗ ಹೆಚ್ಚಿದಂತೆ ಆಳ ಕಡಿಮೆಯಿರಬೇಕು ಎಂಬುದು ಅವರಿಗೆ ಸಿಕ್ಕ ಫಲ.

ಆಕಾರದಲ್ಲೂ ಹುಡುಕಾಟ ನಿಂತಿಲ್ಲ. ಲಂಡನ್‌ನ ಇಂಪೀರಿಯಲ್ ಕಾಲೇಜಿನ ಬೇರ್‌ಮನ್ ಮತ್ತು ಹಾರ್ವಿ 1976ರಲ್ಲಿ ಸುತ್ತುವ ದೊಡ್ಡ ಮಾದರಿಗಳನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿ, ದುಂಡು ಗುಳಿಗಿಂತ ಷಟ್ಕೋನದ ಗುಳಿ ಮೇಲು ಎಂದು ಕಂಡರು. ಕ್ಯಾಲವೇ ಕಂಪನಿ ಷಟ್ಕೋನ ಗುಳಿಗಳ ಚೆಂಡನ್ನು ಮಾರುಕಟ್ಟೆಗೆ ತಂದದ್ದು ಈ ಶತಮಾನದ ಆರಂಭದಲ್ಲಿ. 2006ರಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಹೇಚಿಯೊನ್ ಚೊಯ್ ತಂಡ ಗುಳಿಯೊಳಗೇ ಇಣುಕಿತು. ಗಾಳಿ ಗುಳಿಯ ಅಂಚಿನಲ್ಲಿ ಒಂದು ಕ್ಷಣ ಮೈ ಬಿಟ್ಟು, ಕಲಕಿ, ಹೆಚ್ಚಿನ ಕಸುವಿನೊಂದಿಗೆ ಮತ್ತೆ ಮೈಗೆ ಅಂಟುತ್ತದೆ ಎಂದು ಅಳೆದು ತೋರಿಸಿತು. ಗುಳಿ ಹುಟ್ಟಿ ನೂರು ವರ್ಷಗಳಾದ ಮೇಲೆ!

▣ ಚೆಂಡಿನ ಜಾತಕ
ತೂಕ: 45.93 ಗ್ರಾಂ ಮೀರುವಂತಿಲ್ಲ.
ವ್ಯಾಸ: 42.67 ಮಿ.ಮೀ.ಗಿಂತ ಕಿರಿದಿರುವಂತಿಲ್ಲ.
ಗುಳಿಗಳು: ಸಾಮಾನ್ಯವಾಗಿ 300ರಿಂದ 400. ಟೈಟ್‌ಲಿಸ್ಟ್ ಕಂಪನಿಯ 2021ರ ಪ್ರೊ ವಿ1 ಚೆಂಡಿನಲ್ಲಿ 388, ಪ್ರೊ ವಿ1 ಎಕ್ಸ್‌ನಲ್ಲಿ 348.

ಅಂಕೆಗೆ ಸಿಕ್ಕದ ಗುಳಿ

1970ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರೆಡ್ ಹೋಮ್‌ಸ್ಟ್ರಂ ಮತ್ತು ರಸಾಯನವಿಜ್ಞಾನಿ ಡೇನಿಯಲ್ ನೆಪೆಲಾ ಒಂದು ಚೆಂಡು ಮಾಡಿದರು. ನಡುಪಟ್ಟಿಯಲ್ಲಿ ಮಾಮೂಲು ಗುಳಿಗಳು, ಎರಡೂ ಧ್ರುವಗಳ ಕಡೆ ಆಳವಿಲ್ಲದವು. ಗುರುತು ನೋಡಿ ಸರಿಯಾಗಿ ಇಟ್ಟು ಹೊಡೆದರೆ, ಬಲಕ್ಕೋ ಎಡಕ್ಕೋ ಹೊರಳಬೇಕಾದ ಚೆಂಡು ನೆಟ್ಟಗೆ ಹೋಗುತ್ತಿತ್ತು. ಹೆಸರು ಪೊಲಾರಾ.

ಆಟದ ಕೌಶಲವನ್ನೇ ಚೆಂಡು ಕಸಿಯುತ್ತದೆ ಎಂದು ಅಮೆರಿಕದ ಗಾಲ್ಫ್ ಸಂಘ ಗಾಬರಿಯಾಯಿತು. ಯಾವ ಕಡೆಯಿಂದ ಹೊಡೆದರೂ ಚೆಂಡು ಒಂದೇ ರೀತಿ ಹಾರಬೇಕು ಎಂಬ ನಿಯಮ 1981ರಲ್ಲಿ ಬಂತು. ಪೊಲಾರಾ ಅಧಿಕೃತ ಆಟದಿಂದ ಹೊರಬಿತ್ತು. ತಯಾರಕರು ಕೋರ್ಟಿಗೆ ಹೋದರು. ಕೊನೆಗೆ ಸಂಘ ಸುಮಾರು 14 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ನಿಯಮ ಮಾತ್ರ ಉಳಿಯಿತು. ಅದು ಸರಿಯಾದ ನಿಯಮವೆಂದೇ ನನ್ನ ಭಾವನೆ. ಗುಳಿ ಗಾಳಿಯನ್ನು ಪಳಗಿಸಲಿ, ಗುರಿಯ ಹೊಣೆ ಆಟಗಾರನ ಮೇಲೇ ಇರಲಿ.

ಈಗಿನ ಜಗಳ ದೂರದ್ದು. ಹೊಡೆತಗಳು ಎಷ್ಟು ಉದ್ದವಾಗಿವೆಯೆಂದರೆ ಹಳೆಯ ಮೈದಾನಗಳಿಗೆ ಜಾಗ ಸಾಲದಾಗಿದೆ. 2023ರ ಡಿಸೆಂಬರ್‌ನಲ್ಲಿ ಗಾಲ್ಫ್‌ನ ಎರಡೂ ಆಡಳಿತ ಸಂಸ್ಥೆಗಳು ಚೆಂಡಿನ ದೂರ ಪರೀಕ್ಷೆಯನ್ನು ಬಿಗಿಗೊಳಿಸುವುದಾಗಿ ಘೋಷಿಸಿದವು. ಗಂಟೆಗೆ 120 ಮೈಲಿ ವೇಗದಲ್ಲಿ ಬೀಸುವ ಕೋಲಿನ ಬದಲು 125 ಮೈಲಿ ವೇಗದ ಕೋಲಿಗೂ ಚೆಂಡು ಹಳೆಯ ಮಿತಿಯಾದ 317 ಗಜವನ್ನೇ ಪಾಲಿಸಬೇಕು. ಮೂರು ಗಜದ ರಿಯಾಯಿತಿ ಮಾತ್ರ.

ತೂಕ, ವ್ಯಾಸ, ಹೊರಡುವ ವೇಗ, ಸಮಮಿತಿ, ದೂರ, ಎಲ್ಲಕ್ಕೂ ನಿಯಮಪುಸ್ತಕ ಗೆರೆ ಎಳೆದಿದೆ. ಗುಳಿಗಳು ಎಷ್ಟಿರಬೇಕು, ಯಾವ ಆಕಾರದಲ್ಲಿರಬೇಕು, ಎಷ್ಟು ಆಳವಿರಬೇಕು ಎಂಬುದಕ್ಕೆ ಮಾತ್ರ ಇಂದಿಗೂ ಅದರಲ್ಲಿ ಒಂದು ಸಂಖ್ಯೆಯೂ ಇಲ್ಲ.